ಹೆಬ್ಬೆಟ್ಟು ಒಡೆದ ಚಳಿಗಾಲ

ಕಳೆದ ಜನವರಿಯ ಒಂದು ಭಾನುವಾರ. ಮೈಸೂರಿನ ಪರೀಕ್ಷಾ ಕೇಂದ್ರವೊಂದರ ಬಾಗಿಲಲ್ಲಿ ನಾನು ಹೆಬ್ಬೆರಳು ಚಾಚಿಕೊಂಡು ನಿಂತಿದ್ದೆ. ಕೊಳ್ಳೇಗಾಲದಿಂದ ಕತ್ತಲು ಹರಿಯುವ ಮುಂಚಿನ ಬಸ್ಸು ಹಿಡಿದು ಬಂದವಳು. ಹಾಲ್ ಟಿಕೆಟ್ ಇತ್ತು, ಆಧಾರ್ ಇತ್ತು, ಎರಡು ಫೋಟೊ ಇದ್ದವು, ಎಂಟು ತಿಂಗಳ ಓದೂ ತಲೆಯಲ್ಲಿತ್ತು. ಮೇಜಿನ ಮೇಲಿದ್ದ ಪುಟ್ಟ ಯಂತ್ರ ಮಾತ್ರ ಪ್ರತಿ ಸಲವೂ ಕೆಂಪು ದೀಪ ತೋರಿಸಿ ‘ಮತ್ತೆ ಪ್ರಯತ್ನಿಸಿ’ ಎನ್ನುತ್ತಿತ್ತು.

ಬಲಗೈ ಹೆಬ್ಬೆರಳು ಆಯಿತು, ತೋರುಬೆರಳು ಆಯಿತು. ಬೆರಳನ್ನು ದುಪಟ್ಟಾಕ್ಕೆ ಒರೆಸಿದ್ದಾಯಿತು, ಬಾಯಿಂದ ಊದಿದ್ದಾಯಿತು. ಹಿಂದೆ ನಿಂತಿದ್ದವರು ಗಡಿಯಾರ ನೋಡತೊಡಗಿದರು. ಕೂತಿದ್ದಾತ ನನ್ನ ಕೈಯನ್ನು ಬೆಳಕಿಗೆ ಹಿಡಿದು ನೋಡಿ, “ಏನಮ್ಮಾ, ಓದೋ ಹುಡುಗಿ ಕೈ ಹಿಂಗಿದೆ?” ಎಂದರು. ಕೊನೆಗೆ ಒಂದು ಕಾಗದದಲ್ಲಿ ಬರೆಸಿಕೊಂಡು, ಫೋಟೊ ತೆಗೆದುಕೊಂಡು ಒಳಗೆ ಬಿಟ್ಟರು. ನಾನು ಕೂರುವ ಹೊತ್ತಿಗೆ ಉಳಿದವರೆಲ್ಲ ಪ್ರಶ್ನೆಪತ್ರಿಕೆಯೊಳಗೆ ಮುಳುಗಿದ್ದರು. ಎದೆ ಹೊಡೆದುಕೊಳ್ಳುವುದು ನಿಲ್ಲಲು ಹತ್ತು ನಿಮಿಷ ಹಿಡಿಯಿತು. ಫಲಿತಾಂಶ ಬಂದಾಗ ಕಟ್‌ಆಫ್‌ಗೆ ಮೂರು ಅಂಕ ಕಡಿಮೆ. ಎಲ್ಲಾ ಹೆಬ್ಬೆಟ್ಟಿನ ತಪ್ಪೇ ಎಂದು ಹೇಳುವುದಿಲ್ಲ, ಗಣಿತವೂ ಕೈಕೊಟ್ಟಿತ್ತು.

ವಾಪಸ್ ಬರುವಾಗ ಬಸ್ಸಿನ ಕಿಟಕಿಯ ಬೆಳಕಿನಲ್ಲಿ ಹೆಬ್ಬೆರಳು ನೋಡಿಕೊಂಡೆ. ಗೆರೆಗಳ ಮೇಲೆ ಅಡ್ಡಡ್ಡ ಬಿಳಿ ಬಿರುಕು. ಬೇಸಿಗೆಯಲ್ಲಿ ನೀರು ಬತ್ತಿದ ಕೆರೆಯಂಗಳದಂತೆ. ಈ ಕೈಯನ್ನು ಎಲ್ಲೋ ನೋಡಿದ್ದೇನಲ್ಲ ಅನ್ನಿಸಿತು. ನೋಡದೇ ಏನು? ಇಪ್ಪತ್ತು ವರ್ಷದಿಂದ ನನಗೆ ಅನ್ನ ಕಲೆಸಿಕೊಟ್ಟ ಕೈ ಅದು.

ನಮ್ಮವ್ವ ರೇಷ್ಮೆ ಗೂಡು ಬಿಚ್ಚುವ ಕೆಲಸದವಳು. ಕೊಳ್ಳೇಗಾಲದ ರೇಷ್ಮೆ ಸೀರೆ ಎಂದರೆ ಹೊರಗಿನವರ ಕಣ್ಣರಳುತ್ತದೆ. ನೇಕಾರರ ಮಗ್ಗದ ಬಗ್ಗೆಯೂ ಆಗಾಗ ಪತ್ರಿಕೆಯಲ್ಲಿ ಬರುತ್ತದೆ. ಆದರೆ ಆ ಎಳೆ ಮಗ್ಗಕ್ಕೆ ಬರುವ ಮೊದಲು ಬಿಸಿನೀರಿನ ಬೋಗುಣಿಯೊಂದರಿಂದ ಹೊರಟಿರುತ್ತದೆ. ಮಾರುಕಟ್ಟೆಯಿಂದ ತಂದ ಗೂಡನ್ನು ಬೇಯಿಸಿ, ಬಿಸಿನೀರಿನಲ್ಲಿ ತೇಲಿಬಿಟ್ಟು, ಕೈಯಿಂದಲೇ ತಡಕಿ ಎಳೆಯ ತುದಿ ಹಿಡಿಯಬೇಕು. ಆರೆಂಟು ಗೂಡಿನ ಎಳೆ ಸೇರಿಸಿ ರಾಟೆಗೆ ಕೊಡಬೇಕು. ಒಂದು ಗೂಡಿನ ಎಳೆ ಬಿಚ್ಚಿದರೆ ಏಳೆಂಟು ನೂರು ಮೀಟರ್ ಬರುತ್ತದೆ. ನಡುವೆ ತುಂಡಾದರೆ ಮತ್ತೆ ಬೆರಳು ನೀರಿಗೆ. ಹೀಗೆ ದಿನಕ್ಕೆ ಎಷ್ಟು ಸಲ ಎಂದು ಅವ್ವನನ್ನು ಕೇಳಿದರೆ, “ಅದ್ನೆಲ್ಲ ಯಾರ್ ಎಣಿಸ್ಕಂಡ್ ಕೂತಿದ್ದಾರು ಕೂಸೇ” ಅನ್ನುತ್ತಾಳೆ.

ಗೂಡಿನ ಎಳೆಗಳನ್ನು ಅಂಟಿಸಿ ಹಿಡಿದಿರುವುದು ಸೆರಿಸಿನ್ ಎಂಬ ಗೋಂದು. ಗೂಡಿನ ಚಿಪ್ಪಿನ ತೂಕದಲ್ಲಿ ಸುಮಾರು ಕಾಲು ಭಾಗ ಅದೇ. ಅದನ್ನು ಮೆತ್ತಗೆ ಮಾಡಲಿಕ್ಕೇ ಬಿಸಿನೀರು. ತಮಾಷೆ ನೋಡಿ, ಈ ಸೆರಿಸಿನ್‌ಗೆ ಚರ್ಮದಲ್ಲಿ ತೇವ ಹಿಡಿದಿಡುವ ಗುಣವಿದೆ ಎಂದು ಸೌಂದರ್ಯವರ್ಧಕಗಳಲ್ಲಿ ಬಳಸುತ್ತಾರೆ. ಡಬ್ಬಿಯ ಮೇಲೆ ‘ಸಿಲ್ಕ್ ಪ್ರೋಟೀನ್’ ಎಂದು ಬರೆದಿರುತ್ತದೆ. ದಿನವಿಡೀ ಅದೇ ನೀರಿನಲ್ಲಿ ಕೈ ಅದ್ದಿಕೊಂಡು ಕೂರುವ ಅವ್ವನ ಬೆರಳಿನ ಸಂದಿ ಮಾತ್ರ ಬಿರಿದು ರಕ್ತ ಒಸರುತ್ತದೆ. ಬಿಸಿನೀರು ಕೊಡುವ ಪೆಟ್ಟಿನ ಮುಂದೆ ಆ ಗೋಂದಿನ ಉಪಕಾರ ಎಲ್ಲಿಗೂ ಸಾಲದು.

ನಮ್ಮ ಸೀಮೆಯಲ್ಲಿ ಹಿಂಗಾರು ಮಳೆ ಹಿಡಿದರೆ ಕಾರ್ತಿಕದವರೆಗೂ ನೆಲ ಒದ್ದೆ. ಡಿಸೆಂಬರ್ ಅರ್ಧ ಕಳೆಯುತ್ತಿದ್ದಂತೆ ಒಣಗಾಳಿ ಶುರು. ಚಿಕ್ಕಲ್ಲೂರು ಜಾತ್ರೆಯ ಹೊತ್ತಿಗೆ ಊರಿನ ಅರ್ಧ ಜನರ ಹಿಮ್ಮಡಿ ಒಡೆದಿರುತ್ತದೆ. ಅವ್ವನಿಗೆ ಆ ಮೂರು ತಿಂಗಳು ಇನ್ನೊಂದು ಕಾಟ. ನ್ಯಾಯಬೆಲೆ ಅಂಗಡಿಯ ಯಂತ್ರ ಅವಳ ಹೆಬ್ಬೆಟ್ಟು ಹಿಡಿಯುವುದಿಲ್ಲ. “ನಾಳಿಕ್ ಬಾವ್ವಾ” ಎಂದರೆ ನಾಳೆಯ ಅರ್ಧ ದಿನದ ಕೂಲಿ ಹೋಯಿತು. ಒದ್ದೆ ಬಟ್ಟೆಯಲ್ಲಿ ಒರೆಸಿ, ತಲೆಯ ಎಣ್ಣೆಗೆ ಬೆರಳು ಉಜ್ಜಿ, ಏನೇನೋ ಮಾಡಿ ಅಕ್ಕಿ ತರುತ್ತಾಳೆ. ಸಹಿ ಬಾರದವಳು ಎಂದು ಜೀವನವಿಡೀ ಹೆಬ್ಬೆಟ್ಟು ಒತ್ತಿದವಳಿಗೆ ಈಗ ಆ ಹೆಬ್ಬೆಟ್ಟೂ ಇಲ್ಲ. ನಾನು ಡಿಗ್ರಿ ಮುಗಿಸಿ ಮೂರು ಭಾಷೆಯಲ್ಲಿ ಸಹಿ ಹಾಕುತ್ತೇನೆ. ಮೈಸೂರಿನ ಬಾಗಿಲಲ್ಲಿ ನನಗೂ ಹೆಬ್ಬೆಟ್ಟೇ ಬೇಕಾಯಿತು, ಅದೂ ಇರಲಿಲ್ಲ.

ನನ್ನ ಕೈ ಹಾಗಾಗಲು ಗೂಡಿನ ನೀರು ಕಾರಣವಲ್ಲ. ಅವ್ವ ನನ್ನನ್ನು ಆ ಬೋಗುಣಿಯ ಹತ್ತಿರ ಸೇರಿಸಿದವಳೇ ಅಲ್ಲ. ಆದರೆ ಮನೆಯ ಬಟ್ಟೆ, ಪಾತ್ರೆ ನನ್ನದು. ಸೋಪಿನ ಪುಡಿ, ತಣ್ಣೀರು. ಸಂಜೆ ಮಕ್ಕಳಿಗೆ ಟ್ಯೂಷನ್, ಅಂದರೆ ಚಾಕ್‌ಪೀಸ್ ಪುಡಿ. ಬೆಳಿಗ್ಗೆ ಐದಕ್ಕೆ ಎದ್ದು ಓದಬೇಕೆಂದು ಹಂಡೆಯಲ್ಲಿ ಹೊಗೆಯಾಡುವ ನೀರು ಕಾಯಿಸಿ ಎರಡೆರಡು ಸಲ ಸೋಪು ಹಚ್ಚಿ ಸ್ನಾನ. ಚಳಿಯಲ್ಲಿ ಅದಕ್ಕಿಂತ ಸುಖ ಇನ್ನೊಂದಿಲ್ಲ ಎಂದು ನೀವೂ ಒಪ್ಪುತ್ತೀರಿ. ಅದೇ ಸುಖ ನನ್ನ ಚರ್ಮವನ್ನು ತಿನ್ನುತ್ತಿತ್ತು.

ಇದು ತಿಳಿಯುವ ಮೊದಲು ಇನ್ನೊಂದು ತಪ್ಪು ಮಾಡಿದೆ. ಅದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆಯುತ್ತೇನೆ, ಯಾಕೆಂದರೆ ನಮ್ಮ ಕಾಲೇಜಿನ ಅರ್ಧ ಹುಡುಗಿಯರ ಬ್ಯಾಗಿನಲ್ಲಿ ಅದೇ ಟ್ಯೂಬ್ ನೋಡಿದ್ದೇನೆ. ಮುಂಗೈ ಮೇಲೆ ಒಣಗಿ ತುರಿಸುತ್ತಿತ್ತು. ಔಷಧಿ ಅಂಗಡಿಯೊಂದರಲ್ಲಿ ಕೇಳಿದೆ, ಒಂದು ಪುಟ್ಟ ಟ್ಯೂಬ್ ಕೊಟ್ಟರು. ಎರಡೇ ದಿನಕ್ಕೆ ತುರಿಕೆ ಮಾಯ. ಜೊತೆಗೆ ಹಚ್ಚಿದ ಜಾಗ ಬೆಳ್ಳಗೂ ಆಯಿತು. ಇಂತಹ ಸಂಜೀವಿನಿಯನ್ನು ಕೈಗೆ ಮಾತ್ರ ಹಚ್ಚಿದರೆ ಹೇಗೆ ಎಂದು ಒಣಗಿ ಹೊಟ್ಟೇಳುತ್ತಿದ್ದ ಮುಖಕ್ಕೂ ಹಚ್ಚಿದೆ. ಎರಡು ತಿಂಗಳು. ಬಿಟ್ಟ ವಾರಕ್ಕೆ ಮುಖ ಕೆಂಪೇರಿ, ಸಣ್ಣ ಗುಳ್ಳೆ ಎದ್ದು, ಬಿಸಿಲಿಗೆ ಹೋದರೆ ಮೆಣಸಿನಕಾಯಿ ಅರೆದು ಹಚ್ಚಿದಂತೆ ಉರಿ. ಮತ್ತೆ ಹಚ್ಚಿದರೆ ಸರಿಯಾಗುತ್ತಿತ್ತು, ಬಿಟ್ಟರೆ ಮತ್ತೆ ಅದೇ.

ಅಷ್ಟಾದ ಮೇಲೆಯೇ ಚಾಮರಾಜನಗರದ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಚರ್ಮ ವಿಭಾಗಕ್ಕೆ ಹೋದದ್ದು. ಅವ್ವನನ್ನೂ ಎಳೆದುಕೊಂಡು ಹೋದೆ. ವೈದ್ಯೆ ಟ್ಯೂಬನ್ನು ತಿರುಗಿಸಿ ನೋಡಿ, “ಇದರಲ್ಲಿ ಸ್ಟೀರಾಯ್ಡ್ ಇದೆ. ಚೀಟಿ ಯಾರು ಬರೆದರು?” ಎಂದು ಕೇಳಿದರು. ಯಾರೂ ಇಲ್ಲ. ಈ ಬಗೆಯ 14 ಸ್ಟೀರಾಯ್ಡ್ ಕ್ರೀಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ ಎಂದು ಕೇಂದ್ರ ಆರೋಗ್ಯ ಸಚಿವಾಲಯ 2018ರಲ್ಲೇ ನಿಯಮ ತಂದಿದೆ. ವೈದ್ಯರು ಹೇಳಿದ ಕಾಯಿಲೆಗೆ, ಹೇಳಿದಷ್ಟು ದಿನ ಹಚ್ಚಿದರೆ ಅದು ಒಳ್ಳೆಯ ಔಷಧಿಯೇ. ಮುಖದ ಕ್ರೀಮಿನಂತೆ ತಿಂಗಳುಗಟ್ಟಲೆ ಬಳಿದರೆ ಚರ್ಮ ತೆಳ್ಳಗಾಗುತ್ತದೆ, ರಕ್ತನಾಳ ಎದ್ದು ಕಾಣುತ್ತದೆ, ಮೊಡವೆ, ಬೇಡದ ಕೂದಲು ಬರುತ್ತವೆ. ಹೆಸರಿನ ಕೊನೆಗೆ ‘ಸೋನ್’ ಅಥವಾ ‘ಸಾಲ್’ ಎಂದು ಬರುವ ಔಷಧಿ ಟ್ಯೂಬಿನ ಮೇಲಿದ್ದರೆ ಒಮ್ಮೆ ಅನುಮಾನಿಸಿ: ಬೀಟಾಮೆಥಾಸೋನ್, ಮೊಮೆಟಾಸೋನ್, ಕ್ಲೋಬೆಟಾಸಾಲ್ ಇವೆಲ್ಲ ಆ ಮನೆತನದವು. ನನ್ನ ಮುಖ ತಹಬಂದಿಗೆ ಬರಲು ನಾಲ್ಕು ತಿಂಗಳು ಹಿಡಿಯಿತು.

ಅವ್ವನ ಕೈ ನೋಡಿದಾಗ ಅವರು ಮಾಡಿದ ಮೊದಲ ಕೆಲಸ ನನಗೆ ವಿಚಿತ್ರವೆನಿಸಿತ್ತು. ಅವ್ವನ ಕಣ್ಣು ಮುಚ್ಚಿಸಿ, ಹತ್ತಿಯ ಎಳೆಯಿಂದ ಬೆರಳು, ಮುಂಗೈಗಳ ಮೇಲೆ ಅಲ್ಲಲ್ಲಿ ಮುಟ್ಟಿ, “ಮುಟ್ಟಿದ ಕಡೆ ತೋರಿಸಿ” ಎಂದರು. ಚರ್ಮ ಒಣಗಿ ಮಾಸಲಾದ ಮಚ್ಚೆಯಲ್ಲಿ ಸ್ಪರ್ಶ ತಿಳಿಯದಿದ್ದರೆ ಅದು ಚಳಿಯ ಒಣಚರ್ಮವಲ್ಲ, ಕುಷ್ಠರೋಗ ಇರಬಹುದು. ಬೇಗ ಗೊತ್ತಾದರೆ ಪೂರ್ತಿ ವಾಸಿಯಾಗುತ್ತದೆ, ಮಾತ್ರೆಯೂ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಜನವರಿ 30ರ ಹೊತ್ತಿಗೆ ಆಶಾ ಕಾರ್ಯಕರ್ತೆಯರು ಮನೆಗೆ ಬಂದು ಮಚ್ಚೆ ಇದೆಯಾ ಎಂದು ಕೇಳಿದಾಗ ‘ನಮ್ಮನೇಲಿ ಅಂತದ್ದೇನಿಲ್ಲ’ ಎಂದು ಬಾಗಿಲು ಹಾಕುವವರಲ್ಲಿ ನಾನೂ ಒಬ್ಬಳಾಗಿದ್ದೆ. ಅವ್ವನಿಗೆ ಎಲ್ಲ ಕಡೆ ಮುಟ್ಟಿದ್ದು ತಿಳಿಯಿತು. ಸಕ್ಕರೆ ಕಾಯಿಲೆಯ ಪರೀಕ್ಷೆಯನ್ನೂ ಮಾಡಿಸಿದರು, ಇರಲಿಲ್ಲ. ಇದ್ದಿದ್ದರೆ ಹಿಮ್ಮಡಿಯ ಬಿರುಕನ್ನು ಒಂದು ದಿನವೂ ಕಡೆಗಣಿಸುವಂತಿರಲಿಲ್ಲವಂತೆ.

ಆಮೇಲೆ ಅವರು ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಚರ್ಮದ ಮೇಲ್ಪದರ ಇಟ್ಟಿಗೆ ಗೋಡೆ ಇದ್ದಂತೆ. ಸತ್ತ ಜೀವಕೋಶಗಳು ಇಟ್ಟಿಗೆ, ನಡುವಿನ ಜಿಡ್ಡು ಗಾರೆ. ಒಳಗಿನ ನೀರು ಹೊರಗೆ ಹೋಗದಂತೆ ತಡೆಯುವುದು ಈ ಗಾರೆ. ಸುಡುವ ನೀರು ಮತ್ತು ಸೋಪು ಕೊಳೆಯ ಜೊತೆ ಗಾರೆಯನ್ನೂ ಕೆರೆದು ಹಾಕುತ್ತವೆ. ಹೊರಗಿನ ಗಾಳಿಯಲ್ಲಿ ತೇವ ಇದ್ದರೆ ಹೇಗೋ ನಡೆಯುತ್ತದೆ. ಮಾಗಿಯ ಒಣಗಾಳಿ ಬಿರುಕಿನಿಂದ ನೀರನ್ನು ಹೀರಿಕೊಂಡು ಹೋಗುತ್ತದೆ. ಮೈಯ ಬೇರೆ ಕಡೆ ಚರ್ಮ ತಾನೇ ಒಂದಿಷ್ಟು ಎಣ್ಣೆ ಒಸರಿಸಿಕೊಳ್ಳುತ್ತದೆ. ಅಂಗೈ ಮತ್ತು ಅಂಗಾಲಿನಲ್ಲಿ ಎಣ್ಣೆಯ ಗ್ರಂಥಿಗಳೇ ಇಲ್ಲ! ಅಲ್ಲಿರುವುದು ಬೆವರು ಮಾತ್ರ, ಚಳಿಯಲ್ಲಿ ಅದೂ ಕಡಿಮೆ. ಮೊದಲು ಒಡೆಯುವುದು ಬೆರಳು, ಹಿಮ್ಮಡಿಗಳೇ ಯಾಕೆ ಎಂಬುದು ಆಗ ಹೊಳೆಯಿತು. ಬೆರಳಚ್ಚು ಯಂತ್ರದ ಗಾಜಿಗೆ ಬೆರಳಿನ ಏಣುಗಳು ಚೆನ್ನಾಗಿ ಅಂಟಿ ಕೂರಬೇಕು. ಒಣಗಿದ ಬೆರಳು ಅಂಟುವುದಿಲ್ಲ. ಯಂತ್ರಕ್ಕೆ ಗೆರೆಯ ಬದಲು ತುಂಡು ತುಂಡು ಚುಕ್ಕೆ ಕಾಣುತ್ತದೆ.

ನೀರು ಹೆಚ್ಚು ಕುಡಿದರೆ ಸರಿಹೋಗುತ್ತಾ ಎಂದು ಕೇಳಿದೆ. ಕುಡಿಯಿರಿ, ಒಳ್ಳೆಯದೇ, ಆದರೆ ಗೋಡೆಯ ಗಾರೆ ಬಿದ್ದಿರುವಾಗ ತೊಟ್ಟಿ ತುಂಬಿಸಿದರೆ ಸೋರುವುದು ನಿಲ್ಲುವುದಿಲ್ಲ ಎಂದರು.

ಚೀಟಿಯಲ್ಲಿ ಬರೆದದ್ದು ಎರಡೇ. ಪೆಟ್ರೋಲಿಯಂ ಜೆಲ್ಲಿ, ಮತ್ತು ಹಿಮ್ಮಡಿಗೆ ಯೂರಿಯಾ ಇರುವ ಕ್ರೀಮು. ಯೂರಿಯಾ ಎಂದು ಕೇಳಿದ್ದೇ ಅವ್ವ ಹೌಹಾರಿದಳು. “ಗದ್ದಗೆರ್ಚೋ ಗೊಬ್ರನಾ? ಕಾಲ್ಗಾ?” ವೈದ್ಯೆಗೂ ನಗು ತಡೆಯಲಾಗಲಿಲ್ಲ. ನಮ್ಮ ಚರ್ಮ ತೇವ ಹಿಡಿದಿಡಲು ತಾನೇ ಇಟ್ಟುಕೊಂಡಿರುವ ವಸ್ತುಗಳಲ್ಲಿ ಯೂರಿಯಾ ಒಂದು. ಗಟ್ಟಿಯಾದ ಹಿಮ್ಮಡಿಯನ್ನು ಅದು ಮೆತ್ತಗೆ ಮಾಡುತ್ತದೆ. ರಕ್ತ ಬರುವ ಬಿರುಕಿಗೆ ಹಚ್ಚಿದರೆ ಉರಿಯುತ್ತದೆ, ಹಾಗಾಗಿ ಗಾಯ ಮಾಯ್ದ ಮೇಲೆ. ಇದನ್ನು ಬರೆದೆನೆಂದು ದಯವಿಟ್ಟು ಯಾರೂ ಗೊಬ್ಬರದ ಮೂಟೆಗೆ ಕೈ ಹಾಕಬೇಡಿ.

ಪೆಟ್ರೋಲಿಯಂ ಜೆಲ್ಲಿಯ ಕಥೆ ನನಗೆ ಇಷ್ಟವಾಯಿತು. ಅಮೆರಿಕದ ಪೆನ್ಸಿಲ್ವೇನಿಯಾದ ಎಣ್ಣೆಬಾವಿಗಳಲ್ಲಿ ಕೂಲಿಯವರು ಯಂತ್ರಕ್ಕೆ ಮೆತ್ತಿಕೊಳ್ಳುತ್ತಿದ್ದ ಮೇಣದಂಥ ಜಿಡ್ಡನ್ನು ಕೈಯ ಗಾಯಕ್ಕೆ, ಸುಟ್ಟದ್ದಕ್ಕೆ ಹಚ್ಚಿಕೊಳ್ಳುತ್ತಿದ್ದರಂತೆ. ರಾಬರ್ಟ್ ಚೀಸ್‌ಬ್ರೋ ಎಂಬ ರಸಾಯನ ತಜ್ಞ ಅದನ್ನು ಗಮನಿಸಿ, ಶುದ್ಧ ಮಾಡಿ, 1872ರಲ್ಲಿ ವ್ಯಾಸಲೀನ್ ಎಂದು ಪೇಟೆಂಟ್ ಪಡೆದ. ಕೂಲಿಯವರ ಕೈಯಿಂದ ಹುಟ್ಟಿದ ಔಷಧಿ. ಅದು ಚರ್ಮಕ್ಕೆ ನೀರು ಕೊಡುವುದಿಲ್ಲ, ಇರುವ ನೀರು ಹೋಗದಂತೆ ಮುಚ್ಚಳ ಹಾಕುತ್ತದೆ. ಅದಕ್ಕೇ ಒಣಗಿದ ಮೈಗೆ ಹಚ್ಚಿದರೆ ಅರ್ಧ ಪ್ರಯೋಜನ. ಸ್ನಾನವಾಗಿ ಮೈ ಒರೆಸಿ ಇನ್ನೂ ಹಸಿ ಇರುವಾಗಲೇ, ಎರಡು ಮೂರು ನಿಮಿಷದೊಳಗೆ ಹಚ್ಚಬೇಕು. ನಾನು ಇಷ್ಟು ವರ್ಷ ಕಾಲೇಜಿಗೆ ಹೊರಡುವಾಗ ಕನ್ನಡಿ ಮುಂದೆ ಹಚ್ಚುತ್ತಿದ್ದೆ. ಈಗ ಡಬ್ಬಿ ಬಚ್ಚಲುಮನೆಯ ಗೂಡಿನಲ್ಲೇ ಇರುತ್ತದೆ.

ಡಬ್ಬಿಯೇ ಬೇಕೆಂದಿಲ್ಲ. ಫಿಲಿಪೀನ್ಸ್‌ನಲ್ಲಿ ಒಣಚರ್ಮದವರಿಗೆ ಕೊಬ್ಬರಿ ಎಣ್ಣೆಯನ್ನೂ ಮಿನರಲ್ ಆಯಿಲನ್ನೂ ಹಚ್ಚಿ ಹೋಲಿಸಿದ ಅಧ್ಯಯನವೊಂದು 2004ರಲ್ಲಿ ಪ್ರಕಟವಾಗಿದೆ. ಎರಡೂ ಸಮ ಎಂದು ಬಂತು. ಇದನ್ನು ನಮ್ಮ ಗೆಳತಿಯ ಅಜ್ಜಿಗೆ ಓದಿ ಹೇಳಿದಾಗ ಅವರು ಮುಖ ತಿರುಗಿಸಿಬಿಟ್ಟರು. ಗೆಳತಿಯದು ಹನೂರು ಕಡೆಯ ಹಳ್ಳಿ. ಅಜ್ಜಿ ಎಷ್ಟೋ ಶಿವರಾತ್ರಿಗೆ ತಾಳಬೆಟ್ಟ ಹತ್ತಿ ಮಾದಪ್ಪನ ಬೆಟ್ಟಕ್ಕೆ ಬರಿಗಾಲಲ್ಲಿ ನಡೆದವರು. “ಆ ಮಾಯ್ಕಾರ ಮಾದಪ್ಪುನ್ಗೇ ಎಣ್ಣೆಮಜ್ಜನ ಆಗ್ಬೇಕು. ನಿಮ್ಗ್ ಬ್ಯಾಡ್ವಾ? ಅದ್ಕೂ ಪೇಪರ್‌ನಾಗ್ ಬರ್ಬೇಕಾ?” ಎಂದು ಕೇಳಿದರು. ಉತ್ತರ ಇರಲಿಲ್ಲ. ಅಜ್ಜಿಯ ಕ್ರಮದಲ್ಲಿ ಒಂದು ಜಾಣತನ ಇತ್ತು. ಎಣ್ಣೆ ಹಚ್ಚಿಕೊಂಡು ಮೀಯುವಾಗ ಅವರು ಸೋಪು ಮುಟ್ಟುವುದಿಲ್ಲ, ಸೀಗೆಪುಡಿ. ಅದು ಜಿಡ್ಡನ್ನು ಪೂರ್ತಿ ಕೀಳದೆ ಒಂದಿಷ್ಟು ಮೈಮೇಲೆ ಬಿಡುತ್ತದೆ. ನಾವು ಭಾನುವಾರ ಅರ್ಧ ಗಂಟೆ ಎಣ್ಣೆ ಹಚ್ಚಿಕೊಂಡು ಕೂತು, ಆಮೇಲೆ ಸೋಪಿನಲ್ಲಿ ತಿಕ್ಕಿ ತಿಕ್ಕಿ ತೊಳೆದು ಸೊನ್ನೆಗೆ ಬಂದು ನಿಲ್ಲುತ್ತೇವೆ.

ಸೋಪು ಬಿಡಲಾಗದವರು ಹೊದಿಕೆ ಓದಿ. ಟಿಎಫ್‌ಎಂ ಎಂಬ ಅಂಕಿ ಇರುತ್ತದೆ, ಅಂದರೆ ಕೊಬ್ಬಿನ ಅಂಶ. 76 ಅಥವಾ ಮೇಲಿದ್ದರೆ ಮೊದಲ ದರ್ಜೆ, 70 ಎರಡನೆಯದು, 60 ಮೂರನೆಯದು. ಮೊದಲ ದರ್ಜೆಯದೂ ಸೋಪೇ, ಕ್ಷಾರವೇ. ಕಂಕುಳು, ತೊಡೆಸಂದು, ಪಾದಗಳಿಗೆ ದಿನವೂ ಹಚ್ಚಿ, ಕೈಕಾಲಿಗೆ ಚಳಿಗಾಲದಲ್ಲಿ ಬರೀ ನೀರು ಸಾಕು. ನೀರು ಉಗುರುಬೆಚ್ಚಗಿರಲಿ. ಈ ಕೊನೆಯ ವಾಕ್ಯ ಬರೆಯುವುದು ಸುಲಭ, ಪಾಲಿಸುವುದು ಎಷ್ಟು ಕಷ್ಟವೆಂದು ಬೆಳಿಗ್ಗೆ ಐದಕ್ಕೆ ಗೊತ್ತಾಗುತ್ತದೆ.

ಹಿಮ್ಮಡಿಗೆ ಇನ್ನೊಂದು ಸಿಕ್ಕಿದ್ದು ಯಳಂದೂರಿನಲ್ಲಿ. ಅಲ್ಲಿರುವ ಚಿಕ್ಕವ್ವ ಬಿಳಿಗಿರಿರಂಗನ ಬೆಟ್ಟಕ್ಕೆ ಹೋದಾಗಲೆಲ್ಲ ಸೋಲಿಗರು ಕಾಡಿನಿಂದ ತಂದ ಸೀಗೆಕಾಯಿ, ಅಂಟುವಾಳ ತರುತ್ತಾರೆ. ಒಮ್ಮೊಮ್ಮೆ ಜೇನುಮೇಣವೂ ಸಿಗುತ್ತದೆ. ಒಂದು ಪಾಲು ಮೇಣ, ನಾಲ್ಕು ಪಾಲು ಕೊಬ್ಬರಿ ಎಣ್ಣೆ, ಬಿಸಿನೀರಿನ ಪಾತ್ರೆಯಲ್ಲಿ ಬಟ್ಟಲಿಟ್ಟು ಕರಗಿಸಿ ಆರಿಸಿದರೆ ಮುಲಾಮು. ರಾತ್ರಿ ಕಾಲು ನೆನೆಸಿ, ಒರೆಸಿ, ಇದನ್ನು ಮೆತ್ತಿ ಹಳೆಯ ಕಾಲುಚೀಲ ಹಾಕಿಕೊಂಡು ಮಲಗಬೇಕು. ವಾರದಲ್ಲಿ ನನಗೆ ವ್ಯತ್ಯಾಸ ಕಂಡಿತು. ಚಿಕ್ಕವ್ವ ನಿಂಬೆಹೋಳು, ಉಪ್ಪು ಹಾಕಿ ಉಜ್ಜಲೂ ಹೇಳಿದ್ದರು. ಒಡೆದ ಚರ್ಮಕ್ಕೆ ಹುಳಿ, ಉಪ್ಪು ಬೇಡವೇ ಬೇಡ. ಅದನ್ನು ಅವರಿಗೆ ಹೇಳುವ ಧೈರ್ಯ ಇನ್ನೂ ಬಂದಿಲ್ಲ.

ಅವ್ವನದು ಅಷ್ಟು ಸುಲಭದ್ದಲ್ಲ. ಕೈಗವಸು ಹಾಕಿದರೆ ಎಳೆಯ ತುದಿ ಸಿಗುವುದಿಲ್ಲ. ಅಷ್ಟು ಸಣ್ಣ ಎಳೆ ಬರಿ ಬೆರಳಿಗೆ ಮಾತ್ರ ತಿಳಿಯುತ್ತದೆ. ಕೆಲಸದ ನಡುವೆ ಜಿಡ್ಡು ಹಚ್ಚಿಕೊಂಡರೆ ನೂಲಿಗೆ ಕಲೆ, ಮಾಲೀಕರು ಸುಮ್ಮನಿರುವುದಿಲ್ಲ. ‘ಬಿಸಿನೀರಿನಿಂದ ದೂರವಿರಿ’ ಎಂಬ ಸಲಹೆ ಅವಳ ಮಟ್ಟಿಗೆ ‘ಕೂಲಿಯಿಂದ ದೂರವಿರಿ’ ಎಂದಂತೆ. ಚಳಿಗಾಲದ ಚರ್ಮದ ಆರೈಕೆ ಎಂದು ಬರೆಯುವವರು ಈ ಕೈಗಳನ್ನು ನೋಡಿಲ್ಲ ಎಂದು ನನಗೆ ಆಗಾಗ ಸಿಟ್ಟು ಬರುತ್ತದೆ. ಹಾಗಾಗಿ ನಮಗೆ ಉಳಿದದ್ದು ರಾತ್ರಿ. ಊಟವಾದ ಮೇಲೆ ಅವಳ ಕೈ ತೊಳೆಸಿ, ಹಸಿಯಿರುವಾಗಲೇ ಬೆರಳಿನ ಸಂದಿಸಂದಿಗೂ ಜೆಲ್ಲಿ ಹಚ್ಚಿ, ನನ್ನ ಹಳೆಯ ಹತ್ತಿಯ ಸಾಕ್ಸನ್ನು ಅವಳ ಕೈಗೇ ತೊಡಿಸುತ್ತೇನೆ. ಮೊದಲ ದಿನ, “ಇದೇನ್ಲೇ, ಕೋಲೆ ಬಸ್ವನ್ ಮಾಡಿದ್ದೀಯ ನನ್ನ” ಎಂದು ನಕ್ಕಳು. ಮೂರನೇ ದಿನ ತಾನೇ ಕೈ ಚಾಚಿದಳು.

ನಿಮ್ಮಲ್ಲಿ ಯಾರಿಗಾದರೂ ಈ ಚಳಿಯಲ್ಲಿ ಬೆರಳಚ್ಚು ಕೇಳುವ ಪರೀಕ್ಷೆ ಇದ್ದರೆ ಹದಿನೈದು ದಿನ ಮುಂಚೆಯೇ ರಾತ್ರಿ ಹೀಗೆ ಶುರುಮಾಡಿ. ಪರೀಕ್ಷೆಯ ದಿನ ಬೆಳಿಗ್ಗೆ ಜಿಡ್ಡು ಬೇಡ, ಗಾಜಿನ ಮೇಲೆ ಕಲೆಸಿಹೋಗುತ್ತದೆ. ಸಾಲಿನಲ್ಲಿ ನಿಂತಾಗ ಬೆರಳನ್ನು ಒದ್ದೆ ಕರ್ಚೀಫಿನಲ್ಲಿ ಸುತ್ತಿ ಹಿಡಿದು, ಯಂತ್ರದ ಮುಂದೆ ಒರೆಸಿ ಇಡಿ. ಆಧಾರ್‌ನಲ್ಲಿ ಹತ್ತೂ ಬೆರಳು ಮತ್ತು ಎರಡೂ ಕಣ್ಣಿನ ಗುರುತು ಇರುತ್ತದೆ, ಹೆಬ್ಬೆರಳೊಂದನ್ನೇ ನಂಬಬೇಕಿಲ್ಲ. ಅರ್ಧ ಗಂಟೆ ಮೊದಲೇ ಹೋಗಿ.

ಹೋದ ವಾರ ಅವ್ವ ಅಕ್ಕಿಗೆ ಹೋಗಿದ್ದಳು. ಹೆಬ್ಬೆಟ್ಟು ಈ ಸಲವೂ ಹಿಡಿಯಲಿಲ್ಲವಂತೆ. ನಾನು ಹೇಳಿಕೊಟ್ಟಿದ್ದಂತೆ ಒಂದೊಂದೇ ಬೆರಳು ಇಟ್ಟಿದ್ದಾಳೆ. ಎಡಗೈಯ ಉಂಗುರದ ಬೆರಳಿಗೆ ಹಸಿರು ದೀಪ ಬಂದಿದೆ. “ಅದೊಂದ್ನ ಮಾತ್ರ ಗೂಡಿನ್ ನೀರ್ಗೆ ಹೆಚ್ಚು ಬುಡದಿಲ್ಲ ಕನಾ ನಾನು” ಎಂದು, ಚೀಲ ಇಳಿಸಿ ಆ ಬೆರಳನ್ನು ನನಗೆ ತೋರಿಸಿದಳು. ಈ ರಾತ್ರಿಯಿಂದ ಅದಕ್ಕೆ ಮೊದಲು ಹಚ್ಚುತ್ತಿದ್ದೇನೆ. ನನ್ನ ಮುಂದಿನ ಪರೀಕ್ಷೆ ಫೆಬ್ರುವರಿಯಲ್ಲಿದೆ.